ತುಟಿ ಅಲುಗದ ಹಾಗೆ

ನಮ್ಮಜ್ಜಿಯ ಜಪ ಬೀದಿಗೆ ಕೇಳಿಸುತ್ತಿತ್ತು. ಒಲೆಯ ಪಕ್ಕದ ಮಣೆಯ ಮೇಲೆ ತುಳಸಿಮಣಿ ಸರ ಹಿಡಿದು ಕೂತರೆ, ‘ರಾಮ ರಾಮ ರಾಮ, ಲೋ ಹಾಲು ಉಕ್ತಾ ಇದೆ ನೋಡೋ, ರಾಮ ರಾಮ’ ಎಂದು ಒಂದೇ ಉಸಿರಿನಲ್ಲಿ ದೇವರನ್ನೂ ನನ್ನನ್ನೂ ಕರೆಯುತ್ತಿದ್ದಳು. ಮನೆಯಲ್ಲಿ ಗಡಿಯಾರವಿತ್ತು, ಅವಳ ಅನ್ನ ಮಾತ್ರ ಬೇಯುತ್ತಿದ್ದುದು ಸರದ ಲೆಕ್ಕಕ್ಕೆ. 108 ಮಣಿಯ ಎಂಟು ಸರ ಮುಗಿದರೆ ಗಂಜಿ ಬಸಿಯುವ ಹೊತ್ತು. ಒಂಬತ್ತಕ್ಕೆ ಹೋದರೆ ಮುದ್ದೆ.

ಶಾಸ್ತ್ರದ ಪ್ರಕಾರ ಅಜ್ಜಿಗೆ ಸಿಕ್ಕುತ್ತಿದ್ದುದು ಪಾಸ್ ಮಾರ್ಕು ಅಷ್ಟೆ. ಮನುಸ್ಮೃತಿಯ ಎರಡನೇ ಅಧ್ಯಾಯದಲ್ಲಿ ದರಪಟ್ಟಿಯೇ ಇದೆ: ವಿಧಿವತ್ತಾದ ಯಜ್ಞಕ್ಕಿಂತ ಜಪ ಹತ್ತು ಪಾಲು ಮೇಲು, ಪಕ್ಕದವರಿಗೂ ಕೇಳಿಸದ ಉಪಾಂಶು ನೂರು ಪಾಲು, ಮನಸ್ಸಿನಲ್ಲೇ ಮಾಡುವ ಮಾನಸ ಸಾವಿರ ಪಾಲು. ಸದ್ದು ಕಡಿಮೆಯಾದಷ್ಟೂ ಬೆಲೆ ಏರುವ ಸರಕು ಇದೊಂದೇ ಇರಬೇಕು.

ನನಗೆ ಸಾವಿರದ ಸಾಲಿನ ಆಸೆ ಹುಟ್ಟಿದ್ದು ಒಂಬತ್ತನೇ ವರ್ಷದಲ್ಲಿ. ಉಪನಯನದ ದಿನ ಹೊಸ ಪಂಚೆಯ ಮರೆಯಲ್ಲಿ, ಅಡಿಕೆ ವಾಸನೆಯ ಬಿಸಿಯುಸಿರಿನ ಜೊತೆಗೆ, ಅಪ್ಪ ಕಿವಿಯಲ್ಲಿ ಗಾಯತ್ರಿ ಹೇಳಿದರು. ಯಾರಿಗೂ ಕೇಳಿಸುವಂತೆ ಹೇಳಕೂಡದು ಎಂದರು. ಅಷ್ಟು ಜೋಪಾನದ ಗುಟ್ಟು ಮರುವರ್ಷ ಬಸ್ ಸ್ಟ್ಯಾಂಡಿನ ಕ್ಯಾಸೆಟ್ ಅಂಗಡಿಯಲ್ಲಿ ತಾಳಮದ್ದಳೆ ಸಮೇತ ಕೂಗುತ್ತಿತ್ತು. ಅಪ್ಪ ಅತ್ತ ತಿರುಗಲಿಲ್ಲ.

ಎಣಿಸುವುದನ್ನೂ ಕಲಿಸಿದ್ದರು. ಉಂಗುರದ ಬೆರಳಿನ ನಡುಗೆಣ್ಣಿನಿಂದ ಹೊರಟು, ಕೆಳಗಿಳಿದು, ಕಿರುಬೆರಳು ಹತ್ತಿ, ಬೆರಳ ತುದಿಗಳ ಮೇಲೆ ಹಾದು ತೋರುಬೆರಳಿನ ಬುಡಕ್ಕೆ ಬಂದರೆ ಹತ್ತು. ನಡುಬೆರಳಿನ ಕೆಳಗಿನ ಎರಡು ಗೆಣ್ಣು ಮೇರು, ಅದನ್ನು ಮುಟ್ಟುವಂತಿಲ್ಲ. ಜಪ ಬೇಸರವಾದ ಒಂದು ಸಂಜೆ ಇದೇ ಗೆಣ್ಣುಗಳ ಮೇಲೆ ಮಂತ್ರದ ಅಕ್ಷರ ಎಣಿಸಿದೆ. ಗಾಯತ್ರಿ ಛಂದಸ್ಸಿಗೆ 24 ಇರಬೇಕು, ನನಗೆ ಸಿಕ್ಕಿದ್ದು 23. ಅಪ್ಪ ಒಂದು ನುಂಗಿಬಿಟ್ಟರೇ ಎಂದು ಪುರೋಹಿತರನ್ನು ಕೇಳಿದೆ. ‘ವರೇಣ್ಯಂ ಅನ್ನೋದನ್ನ ವರೇಣಿಯಂ ಅಂತ ಬಿಡಿಸಿಕೋ, ಸರಿಹೋಗುತ್ತೆ’ ಎಂದು ನಕ್ಕರು. ಋಗ್ವೇದದ ಕಾಲದ ಬಾಯಿ ಹಾಗೆ ಹೇಳುತ್ತಿತ್ತಂತೆ. ಮನಸ್ಸಿನೊಳಗೆ ಹೇಳಿಕೊಳ್ಳುವ ಮಂತ್ರದಲ್ಲೂ ಯಾರದೋ ಹಳೆಯ ನಾಲಿಗೆಯ ಗುರುತು ಉಳಿದಿದೆಯಲ್ಲ ಎಂದು ಆಗ ಹೊಳೆಯಲಿಲ್ಲ. ಒಂದಕ್ಷರ ಸಿಕ್ಕಿತೆಂದು ಸಮಾಧಾನವಾಯಿತು.

ಗಟ್ಟಿಯಾಗಿ ಕೂಗುವವರ ಪಕ್ಷದಲ್ಲಿ ಅಜ್ಜಿ ಒಬ್ಬಳೇ ಇರಲಿಲ್ಲ. ಶ್ರೀವೈಷ್ಣವರು ಹೇಳುವ ಕಥೆಯಲ್ಲಿ ರಾಮಾನುಜರು ಅಷ್ಟಾಕ್ಷರಿಯ ಅರ್ಥಕ್ಕಾಗಿ ತಿರುಕ್ಕೋಷ್ಟಿಯೂರಿಗೆ 18 ಸಲ ನಡೆದರು. ಬಾಯಿ ಬಿಟ್ಟರೆ ನರಕ ಎಂದು ಗುರು ಗೋಷ್ಠೀಪೂರ್ಣರು ಎಚ್ಚರಿಸಿದ್ದರೂ, ಗುಡಿಯ ಎತ್ತರಕ್ಕೆ ಹತ್ತಿ ನೆರೆದವರಿಗೆಲ್ಲ ಸಾರಿಬಿಟ್ಟರು. ಅಷ್ಟು ಜನಕ್ಕೆ ಮೋಕ್ಷವಾಗುವುದಾದರೆ ತಮ್ಮೊಬ್ಬರ ನರಕ ದೊಡ್ಡದಲ್ಲ ಎಂಬುದು ಅವರ ವಾದ. ಮುಂದೆ ನಮ್ಮ ಮೇಲುಕೋಟೆಗೆ ಬಂದು ನೆಲೆಸಿದವರು ಇವರೇ. ಅಜ್ಜಿಗೆ ಈ ಕಥೆ ಗೊತ್ತಿತ್ತೋ ಇಲ್ಲವೋ. ಅವಳ ಕಿವಿಯಲ್ಲಂತೂ ಯಾರೂ ಪಂಚೆಯ ಮರೆಯಲ್ಲಿ ಏನನ್ನೂ ಹೇಳಿರಲಿಲ್ಲ. ಗುಟ್ಟು ಕೊಡದವರ ಮನೆಯಲ್ಲಿ ಅವಳೇಕೆ ಪಿಸುಗುಟ್ಟಬೇಕು?

ಹೋದ ವರ್ಷ ಕತ್ತುನೋವಿಗೆ ಎಂಆರ್‌ಐ ಮಾಡಿಸಬೇಕಾಯಿತು. ಕೊಳವೆಯೊಳಗೆ ತಳ್ಳುವ ಮೊದಲು ಹುಡುಗ ಹೇಳಿದ: ‘ಅಲ್ಲಾಡಬೇಡಿ ಸಾರ್. ಉಗುಳು ನುಂಗೋದೂ ಆದಷ್ಟು ಕಡಿಮೆ ಮಾಡಿ.’ ಮಂತ್ರಕ್ಕಿಂತ ಉಗುಳು ಜಾಸ್ತಿ ಎಂಬ ಗಾದೆ ನೆನಪಾಗಿ ನಗು ಬಂತು, ತಡೆದುಕೊಂಡೆ. ಯಂತ್ರ ಮೊದಲು ಬಾಗಿಲು ಬಡಿದಂತೆ, ಆಮೇಲೆ ರಸ್ತೆ ಅಗೆದಂತೆ ಸದ್ದು ಮಾಡತೊಡಗಿತು. ಬೆರಳೂ ಆಡದ, ತುಟಿಯೂ ಬಿಚ್ಚದ ಮಾನಸ ಜಪಕ್ಕೆ ಇದಕ್ಕಿಂತ ಸುಮುಹೂರ್ತ ಸಿಕ್ಕೀತೆ? ಶುರು ಮಾಡಿದೆ. ನಾಲ್ಕನೆಯದಕ್ಕೆ ಸ್ಕೂಟರಿನ ಬೀಗ ಹಾಕಿದೆನೇ ಎಂಬ ಯೋಚನೆ. ಎಳೆದು ತಂದೆ. ಮತ್ತೆ ಹೋಯಿತು. ಮತ್ತೆ ತಂದೆ. ಎಷ್ಟೋ ಹೊತ್ತಿನ ಮೇಲೆ ಮನಸ್ಸು ನಿಂತೇ ನಿಂತಿತು, ಸದ್ದೂ ದೂರವಾಯಿತು.

ಅಷ್ಟರಲ್ಲಿ ಕಿವಿಯ ಬಳಿ ಸ್ಪೀಕರ್ ಕರಕರ ಎಂದಿತು. ‘ಸಾರ್, ಮಾತಾಡ್ತಿದ್ರಾ? ಚಿತ್ರ ಕಲಸಿಹೋಗಿದೆ. ಇನ್ನೊಂದು ಸಲ ತೆಗೀಬೇಕು.’

ಸಾವಿರದಿಂದ ನೂರಕ್ಕೆ ಇಳಿದಿದ್ದೆ, ಅದೂ ನನಗೇ ತಿಳಿಯದಂತೆ. ಎರಡನೇ ಸಲ ಗಾಯತ್ರಿಯ ತಂಟೆಗೆ ಹೋಗಲಿಲ್ಲ. ಹಲ್ಲು ಕಚ್ಚಿಕೊಂಡು, ಅಜ್ಜಿಯ ಲೆಕ್ಕದ ರಾಮ ರಾಮ. ಏಳನೇ ಸರಕ್ಕೇ ಹೊರಗೆಳೆದುಬಿಟ್ಟರು. ಅನ್ನದಲ್ಲಿ ಇನ್ನೂ ಕಾಳಿತ್ತು.