ಮನೆ ಬಿಡುವ ಲೆಕ್ಕ

ಗಿಣಿಗೇರಾದ ಹಿರಿಯರ ಮನೆಯನ್ನು ಬಿಟ್ಟು ಕೊಪ್ಪಳದಲ್ಲಿ ಬಾಡಿಗೆಯ ಮನೆಯನ್ನು ಹಿಡಿಯಬೇಕೇ ಎಂಬ ಚಿಂತೆಯು ನಮ್ಮನ್ನು ಬಹುಕಾಲ ಬಾಧಿಸಿತು. ಉಕ್ಕಿನ ಕಾರ್ಖಾನೆಗಳ ಕರಿಧೂಳು ನಿತ್ಯವೂ ಅಂಗಳಕ್ಕಿಳಿಯುತ್ತಿದ್ದಿತು. ಮಗಳ ಕೆಮ್ಮು ನಿಲ್ಲದಾಯಿತು. ಆದರೆ ಮುಂಗಡ, ಬಾಡಿಗೆ, ಲಾರಿಯ ಕೂಲಿಗಳನ್ನು ಕೂಡಿಸಿದಾಗಲೆಲ್ಲ ಲೇಖನಿಯು ಕೈಯಿಂದ ಜಾರುತ್ತಿದ್ದಿತು. ವೃದ್ಧ ತಾಯಿಯವರಂತೂ ಹೊಸ್ತಿಲನ್ನು ಬಿಟ್ಟು ಬಾರೆನೆಂದರು. 1953ರಲ್ಲಿ ತುಂಗಭದ್ರೆಯ ಅಣೆಕಟ್ಟಿನಿಂದ ಊರು ಮುಳುಗಿ ಹೊರಟವರಿಗೆ ಇಂಥ ಲೆಕ್ಕಕ್ಕೆ ಅವಕಾಶವಿರಲಿಲ್ಲ; ನಮಗಿದ್ದಿತು, ಅದುವೇ ನಮ್ಮ ತೊಡಕಾಯಿತು.

ಒಂದು ರಾತ್ರಿ ನಮ್ಮ ಶಾಲೆಯ ನೆನಪಾಯಿತು. ಇಲ್ಲಿಯ ವಸತಿಗೃಹಕ್ಕೆ ನಮ್ಮನ್ನು ಕಳುಹಿಸಲು ಇದೇ ತಾಯಿಯವರು ಕಿವಿಯೋಲೆಗಳನ್ನು ಮಾರಿದ್ದರು, ಲೆಕ್ಕ ನೋಡಿರಲಿಲ್ಲ. ಅದನ್ನು ಅವರಿಗೆ ನೆನಪಿಸಿದೆವು. ಅವರು ಮಾತನಾಡಲಿಲ್ಲ, ಬೆಳಗಾಗುವಷ್ಟರಲ್ಲಿ ತಮ್ಮ ಗಂಟನ್ನು ತಾವೇ ಕಟ್ಟಿದ್ದರು.

ಬಾಡಿಗೆಯು ಇಂದಿಗೂ ಭಾರವಾಗಿಯೇ ಇದೆ. ದೇವರ ದಯೆಯಿಂದ ಮಗಳ ಕೆಮ್ಮು ಕಡಿಮೆಯಾಗಿದೆ.