ಹೆಸರು ಮರೆತ ಅಜ್ಜ ಹಾಡು ಮರೆಯಲಿಲ್ಲ!

ಗೆಳೆಯರೇ, 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ನೋಡಿದ್ದೀರಲ್ಲ? 2016ರಲ್ಲಿ ದಾವಣಗೆರೆಯಲ್ಲಿ ನಾನೂ ನೋಡಿದೆ. ಮರೆವಿನ ರೋಗದ ವೆಂಕೋಬರಾವ್ ಆಗಿ ಅನಂತನಾಗ್ ದಾರಿ ತಪ್ಪಿದಾಗ ಕತ್ತಲಲ್ಲಿ ಕಣ್ಣೊರೆಸಿಕೊಂಡೆ. ಹೊರಗೆ ಬಂದು ಮಂಡಕ್ಕಿ-ಮೆಣಸಿನಕಾಯಿ ತಿಂದು ಮರೆತೂಬಿಟ್ಟೆ!

ಆ ಕತೆ ಹರಿಹರದ ನಮ್ಮ ಅಜ್ಜನ ಮನೆಗೇ ಬರುತ್ತೆ ಅಂತ ಯಾರಿಗೆ ಗೊತ್ತಿತ್ತು?

ಅಜ್ಜ ದಿನಾ ರೈಲಿನಲ್ಲಿ ದಾವಣಗೆರೆಗೆ ಹೋಗಿ ಹತ್ತಿ ಮಿಲ್ಲಿನಲ್ಲಿ ದುಡಿದವನು. ಆ ಮಿಲ್ಲು ಮುಚ್ಚಿ ಎಷ್ಟೋ ಕಾಲವಾಯಿತು. ಮೂರು ವರ್ಷದ ಹಿಂದೆ ಒಂದು ಬೆಳಗ್ಗೆ "ಪಾಳಿಗೆ ಹೊತ್ತಾಯ್ತು" ಅಂತ ಬುತ್ತಿ ಹಿಡಿದು ಹೊರಟ. ಸಂಜೆ ಸಿಕ್ಕಿದ್ದು ತುಂಗಭದ್ರೆಯ ದಂಡೆಯಲ್ಲಿ! ಡಾಕ್ಟರು ಅಲ್‌ಝೈಮರ್ ಎಂದರು. ಈ ರೋಗದಲ್ಲಿ ಸಾಮಾನ್ಯವಾಗಿ ಹೊಸ ನೆನಪು ಮೊದಲು ಅಳಿಸುತ್ತೆ, ಹಳೆಯದು ನಿಧಾನವಾಗಿ. ನಾನು "ಯಾರಪ್ಪಾ ನೀನು?" ಆದೆ. ಸ್ನಾನ ಅಂದರೆ ರಂಪ. ಅಂಗಿ ಬಿಚ್ಚಲು ಹೋದ ಸೋದರಮಾವನ ಕೆನ್ನೆಗೆ ಒಂದು ದಿನ ಬಾರಿಸಿಯೇಬಿಟ್ಟ. ಮಾವನ ಮುಖ ನೋಡಲಾಗಲಿಲ್ಲ.

ಆ ದಿನಗಳಲ್ಲೇ 2014ರ 'ಅಲೈವ್ ಇನ್‌ಸೈಡ್' ಎಂಬ ಅಮೆರಿಕದ ಸಾಕ್ಷ್ಯಚಿತ್ರ ನೋಡಿದೆ. ತಲೆ ತಗ್ಗಿಸಿ ಕೂತ ಮುದುಕ ಹೆನ್ರಿ, ತನ್ನ ಮೆಚ್ಚಿನ ಸಂಗೀತ ಕಿವಿಗೆ ಬಿದ್ದೊಡನೆ ಕಣ್ಣರಳಿಸಿ ಹಾಡುತ್ತಾನೆ!

ಅಣ್ಣಾವ್ರ ಹಾಡು ಹಾಕಿದರಾಯ್ತು ಅಂದುಕೊಂಡೆ. ಮೊಬೈಲಿನಲ್ಲಿ 'ಬಂಗಾರದ ಮನುಷ್ಯ' ಹಾಕಿದೆ. ಅಜ್ಜ ಮುಖ ತಿರುಗಿಸಿದ. ಊರಿಗೆಲ್ಲ ಪ್ರಿಯವಾದದ್ದು ಅವನಿಗೂ ಪ್ರಿಯವಾಗಬೇಕೇ? ಇನ್ನೊಂದು ಹಳೆಯ ದುಃಖದ ಹಾಡು ಹಾಕಿದೆ. ಬಿಕ್ಕಿ ಬಿಕ್ಕಿ ಅತ್ತ! ಆ ಹಾಡು ಬಂದ ವರ್ಷವೇ ಅವರ ಮೊದಲ ಮಗು ತೀರಿಕೊಂಡಿತ್ತಂತೆ.

"ಹಾಡು ಹಾಕೋಕೆ ಮುಂಚೆ ನನ್ನ ಕೇಳಬಾರದೇನೋ ತಮ್ಮಾ?" ಎಂದಳು ಅಜ್ಜಿ.

ಮದುವೆಯ ಹೊಸತರಲ್ಲಿ ಇಬ್ಬರೂ ನೋಡಿದ್ದು 1974ರ 'ಸಂಪತ್ತಿಗೆ ಸವಾಲ್'. ಜಿ.ಕೆ. ವೆಂಕಟೇಶ್ ಸಂಗೀತದಲ್ಲಿ ಅಣ್ಣಾವ್ರು ತಾವೇ ಹಾಡಿದ ಎಮ್ಮೆಯ ಹಾಡು ನಿಮಗೂ ಬಾಯಿಪಾಠ ಬಿಡಿ. ಆಗ ಅಜ್ಜನ ಹಿತ್ತಲಲ್ಲೂ ಎರಡು ಎಮ್ಮೆ. ಹಾಲು ಕರೆಯುವಾಗ ದಿನಾ ಅದೇ ಹಾಡು!

ಸಣ್ಣ ದನಿಯಲ್ಲಿ ಹಾಕಿದೆ. ಮೊದಲು ಹೆಬ್ಬೆರಳು ಅಲ್ಲಾಡಿತು. ಆಮೇಲೆ ತೊಡೆಯ ಮೇಲೆ ತಾಳ. ಆಮೇಲೆ... ತುಟಿ! ಹಾಡು ಮುಗಿದಾಗ ಅಜ್ಜಿಯತ್ತ ತಿರುಗಿ, "ಎಮ್ಮೆಗೆ ಹಿಂಡಿ ಹಾಕಿದ್ಯೇನೇ?" ಎಂದ. ಅವಳನ್ನು ಹೆಂಡತಿಯಂತೆ ಮಾತಾಡಿಸಿ ಎಷ್ಟು ತಿಂಗಳಾಗಿತ್ತೋ! ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಹಾಕೀನ್ರಿ, ಚಿಂತಿ ಮಾಡಬ್ಯಾಡ್ರಿ" ಎಂದಳು.

ರೋಗ ಹೋಯಿತೇ? ಇಲ್ಲ. ಹಾಡು ಔಷಧಿಯಲ್ಲ. ಅರ್ಧ ಗಂಟೆಗೆ ಮತ್ತೆ "ಯಾರಪ್ಪಾ ನೀನು?" ಆದರೆ ಈಗ ನೀರು ಕಾಯುವಾಗಲೇ ಎಮ್ಮೆ ಹಾಡು ಶುರು. ಅಜ್ಜ ಮಾವನ ಕೈ ಹಿಡಿದು ಬಚ್ಚಲಿಗೆ ನಡೆಯುತ್ತಾನೆ. ಎಲ್ಲ ದಿನವೂ ಅಲ್ಲ, ಹೆಚ್ಚಿನ ದಿನ. ಮಾವನಿಗೆ ಅಷ್ಟೇ ಸಾಕು.

ಹತ್ತರಿಂದ ಮೂವತ್ತರ ಪ್ರಾಯದಲ್ಲಿ ಮನಸ್ಸಿಗಿಳಿದ ಹಾಡು ಬಹಳ ಆಳದಲ್ಲಿ ಉಳಿಯುತ್ತೆ ಅಂತಾರೆ ತಿಳಿದವರು. ಅಂದರೆ ಈಗಿನ ನಿಮ್ಮ ವಯಸ್ಸು! ಮನೆಯ ಹಿರಿಯರನ್ನು ಇವತ್ತೇ ಕೇಳಿ: ಯಾವ ಹಾಡು? ಯಾವ ಟಾಕೀಸು? ಪಕ್ಕದಲ್ಲಿ ಯಾರಿದ್ದರು? ಯಾವ ಹಾಡು ಬೇಡ? ಅವರು ಮರೆತ ಮೇಲೆ ಹೇಳುವವರು ಯಾರು?

ಅಜ್ಜಿಯ ಹಾಡು ಯಾವುದು ಅಂತಲೂ ಕೇಳಿದೆ. ನಾಚಿಕೊಂಡು ಹೇಳಿದಳು. ಬರೆದಿಟ್ಟುಕೊಂಡಿದ್ದೇನೆ. ನಿಮಗೆ ಮಾತ್ರ ಹೇಳಲ್ಲ!