ನಡುಗುವ ಕೈಯ ಲೆಕ್ಕ

ಬ್ಯಾಡಗಿಯ ದಲಾಲಿ ಅಂಗಡಿಯಲ್ಲಿ ನಲವತ್ತು ವರ್ಷ ಮೆಣಸಿನಕಾಯಿ ತೂಗಿಸಿದವನು ನಾನು. ಅಳತೆಯ ವಿಷಯದಲ್ಲಿ ನನಗಾರೂ ಪಾಠ ಹೇಳಬೇಕಿಲ್ಲವೆಂಬ ಸಣ್ಣ ಗರ್ವವೂ ಇತ್ತು. ಆದರೆ ಬಲಗೈ ನಡುಗತೊಡಗಿದಾಗ, "ಸ್ವಲ್ಪ ನಡುಕ, ವಯಸ್ಸಿನದು" ಎಂದು ಅಂದಾಜಿನ ಮೇಲೆಯೇ ಮೂರು ವರ್ಷ ತಳ್ಳಿದೆ.

ಆ 'ಸ್ವಲ್ಪ'ದೊಳಗೆ ಏನೆಲ್ಲ ಸೇರಿತ್ತು! ಸಹಿ ಹೊಂದದೆ ಚೆಕ್ಕು ಮರಳಿ, ರೈತರೊಬ್ಬರಿಗೆ ಹಣ ತಡವಾಯಿತು. ರಾಣೇಬೆನ್ನೂರಿನ ಬೀಗರ ಮನೆಯಲ್ಲಿ ಕಪ್ಪು ಹಿಡಿಯಲಂಜಿ, ಚಹಾ ಬಿಟ್ಟಿದ್ದೇನೆಂದೆ. ಅವರು ಅದನ್ನು ವ್ರತವೆಂದು ತಿಳಿದು ಕೈಮುಗಿದರು, ನಾನು ತಿದ್ದಲಿಲ್ಲ. ಬಸದಿಯಲ್ಲಿ ಅಭಿಷೇಕದ ಸರದಿ ಬಂದಾಗ ಸೊಂಟನೋವೆಂದು ಹಿಂದೆ ಸರಿದೆ. ಸತ್ಯಾಣುವ್ರತದ ಕುರಿತು ಇದೇ ಪತ್ರಿಕೆಯಲ್ಲಿ ಬರೆದವನೂ ನಾನೇ.

ಕೊನೆಗೆ ಹಾವೇರಿಯ ವೈದ್ಯರೊಬ್ಬರಲ್ಲಿಗೆ ಹೋದೆವು. ಅವರು ಸುರುಳಿ ಗೆರೆ ಬರೆಸಿದರು, ಒಂದು ಲೋಟದಿಂದ ಮತ್ತೊಂದಕ್ಕೆ ನೀರು ಸುರಿಸಿದರು, ಕೈ ಚಾಚಿಸಿದರು, ತೊಡೆಯ ಮೇಲೆ ಸುಮ್ಮನೆ ಇರಿಸಿದರು. ಪಾರ್ಕಿನ್ಸನ್ ವ್ಯಾಧಿಯ ನಡುಕ ಸಾಮಾನ್ಯವಾಗಿ ಕೈ ವಿಶ್ರಾಂತಿಯಲ್ಲಿದ್ದಾಗ ಕಾಣುವುದಂತೆ. ಅಕ್ಷರಗಳೂ ಕಿರಿದಾಗುತ್ತ ಹೋಗುವುವಂತೆ. ನನ್ನದು ಕೆಲಸಕ್ಕೆ ಕೈಯೆತ್ತಿದಾಗ ಏಳುವ ನಡುಕ. ಹೆಸರು ಎಸೆನ್ಷಿಯಲ್ ಟ್ರೆಮರ್. ಎಷ್ಟೋ ಮನೆತನಗಳಲ್ಲಿ ವಂಶಪಾರಂಪರ್ಯವಾಗಿ ಬರುತ್ತದೆ. ಆಗ ನನಗೆ ತಾಯಿಯವರ ನೆನಪಾಯಿತು. ಕೊನೆಗಾಲದಲ್ಲಿ ಅವರ ತಲೆ ಸದಾ 'ಬೇಡ, ಬೇಡ' ಎನ್ನುವಂತೆ ಆಡುತ್ತಿತ್ತು. ಏನು ಕೊಟ್ಟರೂ ಒಲ್ಲೆನ್ನುತ್ತಾರೆಂದು ನಾವು ಬೇಸರಿಸಿದ್ದುಂಟು.

ಮದ್ಯ ಸೇವಿಸಿದರೆ ನಡುಕ ತಗ್ಗುವುದೇ ಎಂದೂ ವೈದ್ಯರು ಕೇಳಿದರು. ನನ್ನ ಶ್ರೀಮತಿ ಕುರ್ಚಿಯಿಂದ ಎದ್ದೇಬಿಟ್ಟಳು! ಹಲವರಿಗೆ ಕ್ಷಣಕಾಲ ತಗ್ಗುತ್ತದೆ, ರೋಗನಿರ್ಣಯಕ್ಕಾಗಿ ಕೇಳಿದೆನೇ ಹೊರತು ಸಲಹೆಯಲ್ಲ ಎಂದು ಅವರು ಸಮಾಧಾನ ಹೇಳಬೇಕಾಯಿತು.

ತೀವ್ರತೆಯನ್ನು ಅಳೆಯಲು ಟೆಟ್ರಾಸ್ ಎಂಬ ಮಾನವುಂಟು. ಸೊನ್ನೆಯಿಂದ 4ರವರೆಗೆ ಅಂಕ. ಚಾಚಿದ ಕೈ 1ರಿಂದ 3 ಸೆಂಟಿಮೀಟರಿನೊಳಗೆ ಅಲುಗಿದರೆ 2. 20 ಸೆಂಟಿಮೀಟರು ಮುಟ್ಟಿದರೆ 4. ನನ್ನ ಕೈಗೆ 2 ಬಂತು. ನನಗೆ ಸಮಾಧಾನವಾಯಿತು. ಆದರೆ ದಿನಚರಿಗೆಂದೇ ಬೇರೆ 12 ಅಂಶಗಳಿದ್ದವು: ಚಮಚ, ಲೋಟ, ಉಡುಪು, ಕೀಲಿಕೈ, ಬರಹ ಇತ್ಯಾದಿ. ಕೊನೆಯದು, ನಡುಕದ ದೆಸೆಯಿಂದ ಜನರ ನಡುವೆ ಬೆರೆಯುವುದನ್ನು ತಪ್ಪಿಸುವಿರಾ ಎಂಬುದು. ನಾನು 1 ಎಂದೆ. "ಒಂದಲ್ರೀ ಡಾಕ್ಟರ್, ಮೂರು ಬರ್ಕೊಳ್ರಿ" ಎಂದಳು ಶ್ರೀಮತಿ. ವೈದ್ಯರು ನನ್ನ ಮುಖ ನೋಡಿದರು. ನಾನು ಮಾತಾಡಲಿಲ್ಲ. ಮೂರೇ ಬರೆದುಕೊಂಡರು.

ಉಬ್ಬಸವಿಲ್ಲವೆಂದು ಖಚಿತಪಡಿಸಿಕೊಂಡು ಪ್ರೊಪ್ರನಾಲೋಲ್ ಕೊಟ್ಟಿದ್ದಾರೆ. ನಡುಕ ತಗ್ಗಿದೆ, ಹೋಗಿಲ್ಲ. ಕಳೆದ ಸರದಿಯಂದು ಉಪಾಧ್ಯಾಯರಿಗೆ ನಿಜ ಹೇಳಿದೆ. ಅವರು ಚಿಕ್ಕ ಕಲಶವನ್ನು ಅರ್ಧ ತುಂಬಿ ಕೊಟ್ಟರು. ಮೊಮ್ಮಗ ಮಣಿಕಟ್ಟು ಹಿಡಿದ. ಒಂದಿಷ್ಟು ಹಾಲು ಉತ್ತರೀಯದ ಮೇಲೂ ಬಿತ್ತು.

ಚಹಾದ ಸಂಗತಿಯನ್ನು ಬೀಗರಿಗೆ ಇನ್ನೂ ಹೇಳಿಲ್ಲ. ಈ ಪತ್ರಿಕೆ ಅವರ ಮನೆಗೂ ಹೋಗುತ್ತದೆ.